ಕಿವಿಯ ಹಿಂದಿನ ಕಪ್ಪು ಹಕ್ಕಳೆ: ಸ್ಕ್ರಬ್ ಟೈಫಸ್‌ನಿಂದ ಉಳಿದು ಬಂದ ನಮ್ಮ ಮಗಳು

ಸೀತಾನದಿ (ಚರ್ಚೆ ಆರಂಭಿಸಿದವರು)

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ವಾರದಲ್ಲಿ ನಮ್ಮ ಏಳು ವರ್ಷದ ಮಗಳಿಗೆ ಜ್ವರ ಬಂತು. ಅದು ಸ್ಕ್ರಬ್ ಟೈಫಸ್ (ಹುಲ್ಲು, ಪೊದೆಗಳಲ್ಲಿರುವ ಉಣ್ಣಿಯಂತಹ ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ) ಎಂದು ತಿಳಿಯುವಷ್ಟರಲ್ಲಿ ಅವಳು ಮಣಿಪಾಲದ ಆಸ್ಪತ್ರೆಯೊಂದರ ಮಕ್ಕಳ ತೀವ್ರ ನಿಗಾ ಘಟಕದಲ್ಲಿದ್ದಳು. ಅಲ್ಲಿ ಒಂಬತ್ತು ದಿನ, ಅದರಲ್ಲಿ ಐದು ದಿನ ವೆಂಟಿಲೇಟರ್ ಮೇಲೆ, ಒಟ್ಟು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಇದ್ದು ಮನೆಗೆ ಬಂದಳು. ಇಷ್ಟು ದಿನ ಇದನ್ನು ಬರೆಯುವ ಮನಸ್ಸಾಗಿರಲಿಲ್ಲ. ಈಗ ನಮ್ಮ ಊರಿನಲ್ಲಿ ಮತ್ತೆರಡು ಮನೆಗಳಲ್ಲಿ ಮಕ್ಕಳು ಜ್ವರದಿಂದ ಮಲಗಿದ್ದಾರೆ ಮತ್ತು "ವೈರಲ್ ಇರಬೇಕು, ನಾಲ್ಕು ದಿನ ನೋಡುವ" ಎಂಬ ಅದೇ ಮಾತು ಕೇಳಿಸುತ್ತಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಹೆಬ್ರಿಯ ಕಡೆ. ಮನೆಯ ಹಿಂದೆ ಅಡಿಕೆ ತೋಟ, ತೋಟ ದಾಟಿದರೆ ಹಾಡಿ, ಅಂದರೆ ಕುರುಚಲು ಕಾಡು. ರಜೆಯಲ್ಲಿ ಅಕ್ಕನ ಮಕ್ಕಳೂ ಬಂದಿದ್ದರು. ನನ್ನ ಅಮ್ಮ ದನಕ್ಕೆ ಹುಲ್ಲು ತರಲು ಹೋದಾಗಲೆಲ್ಲ ಮೂವರೂ ಅವರ ಹಿಂದೆಯೇ ಓಡುತ್ತಿದ್ದರು. ಜ್ವರ ಬಂದ ಮೊದಲ ದಿನ ನಾವು ಹೆದರಲಿಲ್ಲ. ಮೂರನೆಯ ದಿನವೂ ಇಳಿಯದಿದ್ದಾಗ ಪೇಟೆಯ ಕ್ಲಿನಿಕ್‌ಗೆ ಕರೆದೊಯ್ದೆವು. ನಾಲಿಗೆ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಸಿರಪ್ ಬರೆದರು. ಐದನೆಯ ದಿನ ರಕ್ತ ಪರೀಕ್ಷೆಯಾಯಿತು: ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ. ಸಿರಪ್ ಬದಲಾಗಿ ಇಂಜೆಕ್ಷನ್ ಬಂತು. ತಲೆನೋವು ಎಷ್ಟಿತ್ತೆಂದರೆ ಮಗು ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಬಾಚಣಿಗೆ ಕಂಡರೆ ಅಳುತ್ತಿದ್ದಳು. ನನ್ನ ಹೆಂಡತಿ ಕೂದಲನ್ನು ಒಟ್ಟುಗೂಡಿಸಿ ತುರುಬು ಕಟ್ಟಿ ಬಿಟ್ಟಿದ್ದಳು, ಎಂಟು ದಿನ ಅದು ಹಾಗೆಯೇ ಇತ್ತು. ಈ ಸಣ್ಣ ಸಂಗತಿಯನ್ನು ನೆನಪಿಡಿ.

ಎಂಟನೆಯ ದಿನ ಬೆಳಿಗ್ಗೆ ಮುಖ ಊದಿಕೊಂಡಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. 108ಕ್ಕೆ ಕರೆ ಮಾಡಿದೆವು. ಹೆಬ್ರಿಯಿಂದ ಮಣಿಪಾಲಕ್ಕೆ ನಾನು ನೂರಾರು ಸಲ ಬೈಕಿನಲ್ಲಿ ಹೋಗಿದ್ದೇನೆ. ಆ ದಿನದಷ್ಟು ಉದ್ದದ ದಾರಿಯನ್ನು ಕಂಡಿರಲಿಲ್ಲ.

ತುರ್ತು ವಿಭಾಗದಲ್ಲಿ ಒಬ್ಬ ಎಳೆಯ ವೈದ್ಯರು ಮೊದಲು ಕೇಳಿದ್ದು, "ಮಗು ತೋಟ, ಹಾಡಿ, ಹುಲ್ಲುಗಾವಲು ಎಲ್ಲಿಗಾದರೂ ಹೋಗಿದ್ದಳಾ?" ಎಂದು. ಎಂಟು ದಿನಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರಕ್ತದೊತ್ತಡ ಬಿದ್ದಿತ್ತು, ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು, ಯಕೃತ್ತು ದೊಡ್ಡದಾಗಿತ್ತು. ಯಾವ ಪರೀಕ್ಷೆಯ ವರದಿಗೂ ಕಾಯದೆ ಆ ರಾತ್ರಿಯೇ ಮೂಗಿನ ಕೊಳವೆಯ ಮೂಲಕ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಡಲು ಆರಂಭಿಸಿದರು. ನಡುರಾತ್ರಿ ದಾಟಿದ ಮೇಲೆ ವೆಂಟಿಲೇಟರ್ ಹಾಕಬೇಕಾಯಿತು.

ಮಾರನೆಯ ದಿನ ಬೆಳಿಗ್ಗೆ ಸಿಸ್ಟರ್ ಒಬ್ಬರು ಮಗುವಿನ ಮೈ ಒರೆಸುತ್ತಿದ್ದರು. ಕೇರಳದವರು, ಅವರ ಕನ್ನಡದಲ್ಲಿ ಅರ್ಧ ಮಲಯಾಳವಿತ್ತು. ಮೈ ಒರೆಸಿ ಮುಗಿದ ಮೇಲೆ ಅವರು ತುರುಬು ಬಿಚ್ಚಿ, ಗಂಟು ಬಿದ್ದ ಕೂದಲಿಗೆ ಎಣ್ಣೆ ಹಚ್ಚಿ, ಬೆರಳಿನಿಂದಲೇ ಒಂದೊಂದು ಎಳೆ ಬಿಡಿಸತೊಡಗಿದರು. ಬಲಕಿವಿಯ ಹಿಂದೆ, ಕೂದಲಂಚಿನಲ್ಲಿ, ಕಡಲೆಕಾಳಿಗಿಂತ ಚಿಕ್ಕದಾದ ಕಪ್ಪು ಹಕ್ಕಳೆ. ಅದರ ಸುತ್ತ ಕೆಂಪು ಉಂಗುರ. ಬೀಡಿಯ ತುದಿ ತಾಗಿ ಸುಟ್ಟಂತೆ ಕಾಣುತ್ತಿತ್ತು. ಅವರು ಕೈ ನಿಲ್ಲಿಸಿ, ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದು, ಡಾಕ್ಟರರನ್ನು ಕರೆದರು. ನಿಮಿಷದೊಳಗೆ ಹಾಸಿಗೆಯ ಸುತ್ತ ಐದಾರು ಜನ ಸೇರಿದ್ದರು. ಗಾಜಿನ ಆಚೆ ನಿಂತಿದ್ದ ನಾವು ಏನೋ ಕೆಟ್ಟದ್ದಾಯಿತೆಂದೇ ತಿಳಿದೆವು. ಹೊರಗೆ ಬಂದ ವೈದ್ಯರ ಮುಖದಲ್ಲಿ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಗು ಕಂಡಿತು. "ಆ ಹಕ್ಕಳೆ ನುಸಿಮರಿ ಕಚ್ಚಿದ ಗುರುತು. ಗುಮಾನಿ ಇತ್ತು, ಈಗ ಗಟ್ಟಿಯಾಯಿತು" ಎಂದರು.

ಔಷಧ ಶುರುವಾದ ಎರಡನೆಯ ದಿನ ಸಂಜೆಯ ಹೊತ್ತಿಗೆ ಜ್ವರ ಇಳಿಯಿತು. ಆದರೆ ಶ್ವಾಸಕೋಶ ಸುಧಾರಿಸಲು ಮತ್ತೂ ದಿನಗಳು ಬೇಕಾದವು. ನನ್ನ ಅಮ್ಮ ಮಂದಾರ್ತಿ ಅಮ್ಮನವರಿಗೆ ಹರಕೆ ಹೇಳಿಕೊಂಡಿದ್ದರು, ಅದನ್ನೂ ಸಲ್ಲಿಸಿದ್ದೇವೆ. ಇಲ್ಲಿ ನಾನು ಕೇಳಬೇಕೆಂದಿರುವುದು: ನಿಮ್ಮಲ್ಲಿ ಬೇರೆ ಯಾರಿಗಾದರೂ ಇಂತಹ ಅನುಭವವಾಗಿದೆಯೇ, ಮತ್ತು ಎಂಟು ದಿನ ನಾವೆಲ್ಲ ಏನನ್ನು ತಪ್ಪಿಸಿಕೊಂಡೆವು?

---

ಜಪ್ಪು ನಿವಾಸಿ

ಓದುತ್ತಾ ಕಣ್ಣು ಮಂಜಾಯಿತು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದ್ದಾಗ ನನ್ನ ಮಗನೂ ಹೀಗೆಯೇ ಕೈತಪ್ಪಿ ಹೋಗುವವನಿದ್ದ. ನಮ್ಮ ತಪ್ಪು ಇನ್ನೊಂದು ಬಗೆಯದು. ಐದನೆಯ ದಿನ ಜ್ವರ ಬಿಟ್ಟಿತೆಂದು ಸಂತೋಷಪಟ್ಟು ಗಂಜಿ ಕೊಟ್ಟು ಮಲಗಿಸಿದೆವು. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಬಿಡುವ ಹೊತ್ತಿನಲ್ಲಿಯೇ ಎಂಬುದು ನಮಗೆ ಗೊತ್ತಿರಲಿಲ್ಲ. ಸಂಜೆ ಅವನ ಪಾದ ಮುಟ್ಟಿದರೆ ಮಂಜುಗಡ್ಡೆಯಂತಿತ್ತು.

ವೆಂಟಿಲೇಟರ್‌ಗೆ ಒಪ್ಪಿಗೆಯ ಸಹಿ ಹಾಕುವಾಗಿನ ಮಾತನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ನಮ್ಮಲ್ಲಿ ಆ ರಾತ್ರಿ ದೊಡ್ಡ ರಂಪವೇ ಆಯಿತು. ನನ್ನ ಮಾವನವರು, "ಅದನ್ನು ಹಾಕಿದ ಮೇಲೆ ತೆಗೆಯುವುದೇ ಇಲ್ಲ, ಬಿಲ್ಲಿಗಾಗಿ ಹಾಕುತ್ತಾರೆ" ಎಂದು ಹಟ ಹಿಡಿದರು. ನಿಮ್ಮ ಮನೆಯಲ್ಲಿ ಯಾರು ಸಹಿ ಹಾಕಿದರು?

---

ಸೀತಾನದಿ

ನನ್ನ ಹೆಂಡತಿ ಹಾಕಿದಳು. ನಾನು ಫೋನಿನಲ್ಲಿ ಭಾವನ ಹತ್ತಿರ ಅಭಿಪ್ರಾಯ ಕೇಳುತ್ತಿದ್ದೆ. ಅವಳು ಕಾಗದ ತೆಗೆದುಕೊಂಡು, "ಅವಳು ಉಸಿರಾಡಿ ಉಸಿರಾಡಿ ಸೋತಿದ್ದಾಳೆ, ಸ್ವಲ್ಪ ಹೊತ್ತು ಬೇರೆಯವರು ಉಸಿರಾಡಿಸಲಿ" ಎಂದು ಹೇಳಿ ಸಹಿ ಮಾಡಿದಳು. ಆಮೇಲೆ ವೈದ್ಯರು ವಿವರಿಸಿದ್ದೂ ಹೆಚ್ಚುಕಡಿಮೆ ಅದನ್ನೇ.

---

ಹಳೆಯ ಸಿಸ್ಟರ್

ಮಂಗಳೂರಿನಲ್ಲಿ ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಆ ಸಿಸ್ಟರ್ ಕೂದಲು ಬಿಡಿಸಿದ್ದು ಆಕಸ್ಮಿಕವಲ್ಲ ಎಂದು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. ಗಾಜಿನ ಹೊರಗೆ ನಿಂತವರಿಗೆ ಯಂತ್ರಗಳು ಕಾಣುತ್ತವೆ, ಅವುಗಳ ಅಂಕಿಗಳು ಕಾಣುತ್ತವೆ. ದಿನವಿಡೀ ನಡೆಯುವ ಕೈಕೆಲಸ ಕಾಣುವುದಿಲ್ಲ.

ಕೊಳವೆ ಹಾಕಿ ನಿದ್ರೆಯ ಔಷಧ ಕೊಟ್ಟ ಮಗು ತಾನಾಗಿ ಏನನ್ನೂ ಮಾಡಲಾರದು. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣುಗುಡ್ಡೆ ಒಣಗಿ ಹುಣ್ಣಾಗುತ್ತದೆ. ಆದ್ದರಿಂದ ಗಂಟೆಗಳ ಲೆಕ್ಕದಲ್ಲಿ ಕಣ್ಣಿಗೆ ಮುಲಾಮು ಹಚ್ಚಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಹಿಮ್ಮಡಿ, ತಲೆಯ ಹಿಂಭಾಗದಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ತಲೆಯ ಕಡೆ ಹಾಸಿಗೆಯನ್ನು ಎತ್ತರಿಸಿಯೇ ಇಡಬೇಕು, ಬಾಯಿ ಒರೆಸುತ್ತಿರಬೇಕು, ಕೊಳವೆಯಲ್ಲಿ ಕಟ್ಟಿದ ಕಫವನ್ನು ಎಳೆಯಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ವೆಂಟಿಲೇಟರ್‌ನಿಂದಲೇ ನ್ಯುಮೋನಿಯಾ ಬರಬಹುದು. ಮೂತ್ರವನ್ನು ಗಂಟೆಗಂಟೆಗೆ ಮಿಲಿಲೀಟರ್ ಲೆಕ್ಕದಲ್ಲಿ ಬರೆಯುತ್ತೇವೆ. ರಕ್ತನಾಳಗಳು ಸೋರುವ ಇಂತಹ ಜ್ವರಗಳಲ್ಲಿ ಡ್ರಿಪ್‌ನಲ್ಲಿ ಕೊಡುವ ನೀರು ಕಡಿಮೆಯಾದರೆ ರಕ್ತದೊತ್ತಡ ಬೀಳುತ್ತದೆ, ಹೆಚ್ಚಾದರೆ ಅದೇ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಷ್ಟು ಕೊಡಬೇಕೆಂದು ವೈದ್ಯರು ತೀರ್ಮಾನಿಸುವುದು ನಾವು ಬರೆದ ಆ ಅಂಕಿಗಳನ್ನು ನೋಡಿಯೇ.

ಮೈ ಒರೆಸುವುದು ನಮಗೆ ಸ್ನಾನ ಮಾಡಿಸುವಷ್ಟೇ ಅಲ್ಲ, ಅದೇ ದೊಡ್ಡ ತಪಾಸಣೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಬೆರಳುಗಳ ನಡುವೆ, ಹೊಕ್ಕುಳು. ಬೆಳಕು ಹಿಡಿದು ನೋಡುತ್ತೇವೆ. ಈ ಹಕ್ಕಳೆ ನೋಯುವುದಿಲ್ಲ, ತುರಿಸುವುದೂ ಇಲ್ಲ. ಮಗು ತಾನಾಗಿ ಹೇಳುವ ಮಾತೇ ಇಲ್ಲ. ಅದನ್ನು ನೋಡಬೇಕೆಂದು ಹೊರಟವರಿಗೆ ಮಾತ್ರ ಅದು ಕಾಣುತ್ತದೆ.

ಇನ್ನೊಂದು ಮಾತು. ಪ್ರಜ್ಞೆಯಿಲ್ಲದ ಮಗುವಿನ ಹತ್ತಿರ ನಾವು ಮಾತಾಡುತ್ತಲೇ ಇರುತ್ತೇವೆ: "ಪುಟ್ಟಾ, ಈಗ ಮಗ್ಗುಲು ತಿರುಗಿಸುತ್ತೇನೆ, ಸ್ವಲ್ಪ ತಣ್ಣಗಾಗುತ್ತದೆ." ಹೊಸದಾಗಿ ಬಂದ ಹುಡುಗಿಯರು ಇದನ್ನು ನೋಡಿ ನಗುತ್ತಾರೆ, ಆರು ತಿಂಗಳಲ್ಲಿ ಅವರೂ ಹಾಗೆಯೇ ಮಾತಾಡುತ್ತಿರುತ್ತಾರೆ.

---

ಕುಂದಾಪುರದ ಮಕ್ಕಳ ವೈದ್ಯೆ

ಸೀತಾನದಿಯವರ ಕೊನೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ.

ಸ್ಕ್ರಬ್ ಟೈಫಸ್ ತರುವುದು ಓರಿಯೆಂಟಿಯಾ ತ್ಸುತ್ಸುಗಮುಶಿ ಎಂಬ ಬ್ಯಾಕ್ಟೀರಿಯಾ. ಕುರುಚಲು ಗಿಡ, ಹುಲ್ಲು, ತರಗೆಲೆ ಇರುವಲ್ಲಿ ಬೆಳೆಯುವ ಒಂದು ಜಾತಿಯ ನುಸಿಯ (ಸೊಳ್ಳೆಯಲ್ಲ, ಉಣ್ಣಿಯಂತಹ ಮೈಟ್) ಮರಿ ಕಚ್ಚಿದಾಗ ಅದು ದೇಹಕ್ಕೆ ಬರುತ್ತದೆ. ಮರಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಕಚ್ಚಿ ಆರರಿಂದ ಇಪ್ಪತ್ತೊಂದು ದಿನಗಳೊಳಗೆ ಜ್ವರ ಬರುತ್ತದೆ. ಮಳೆ ಹಿಂದೆ ಸರಿದು ಹುಲ್ಲು ಎದೆಯುದ್ದ ಬೆಳೆದಿರುವ ಈ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಇದು ಹೆಚ್ಚು. ಇದೇ ಕಾಲದಲ್ಲಿ ಡೆಂಗಿ ಇರುತ್ತದೆ, ಇಲಿಜ್ವರ ಇರುತ್ತದೆ, ಮಲೇರಿಯಾ ಇರುತ್ತದೆ; ನಾಲ್ಕರಲ್ಲೂ ಆರಂಭದಲ್ಲಿ ಜ್ವರ, ತಲೆನೋವು, ಮೈಕೈ ನೋವು, ಪ್ಲೇಟ್‌ಲೆಟ್ ಇಳಿತ. ಎದುರಿಗೆ ಕುಳಿತ ವೈದ್ಯರಿಗೆ ಮೂರನೆಯ ದಿನ ಇದು ಗೊಂದಲವೇ. ಆದ್ದರಿಂದ ಆ ಕ್ಲಿನಿಕ್ಕಿನವರನ್ನು ನಾನು ಪೂರ್ತಿ ದೂರಲಾರೆ. ಐದನೆಯ ದಿನವೂ ಬಟ್ಟೆ ಬಿಚ್ಚಿ ನೋಡಲಿಲ್ಲ ಎಂಬುದನ್ನು ಸಮರ್ಥಿಸಲೂ ಆರೆ.

ಸಿರಪ್ ಮತ್ತು ಇಂಜೆಕ್ಷನ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಕಾರಣವಿದೆ. ಅವು ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಗುಂಪಿನವಾಗಿದ್ದರೆ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುವ ಔಷಧಗಳು. ಈ ರೋಗಾಣು ನಮ್ಮ ಜೀವಕೋಶದ ಒಳಗೇ ಅಡಗಿ ಬದುಕುತ್ತದೆ. ಆ ಔಷಧಗಳು ಇದರ ಮೇಲೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ನಾಟುತ್ತದೆ. ಸರಿಯಾದ ಔಷಧ ಸಿಕ್ಕಿದರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಹೃದಯದ ಸ್ನಾಯು, ಮೆದುಳು ಯಾವುದನ್ನಾದರೂ ಅದು ಹಿಡಿಯಬಹುದು. ಉತ್ತರ ಪ್ರದೇಶದ ಗೋರಖಪುರದಲ್ಲಿ ಮಕ್ಕಳನ್ನು ವರ್ಷವರ್ಷವೂ ಬಲಿ ತೆಗೆದುಕೊಳ್ಳುತ್ತಿದ್ದ ಮೆದುಳುಜ್ವರದ ಹಿಂದೆ ಬಹಳಷ್ಟು ಪ್ರಕರಣಗಳಲ್ಲಿ ಇದೇ ರೋಗವಿತ್ತೆಂದು ತಡವಾಗಿ ತಿಳಿಯಿತು.

ಒಂದು ಮಾತು ಸ್ಪಷ್ಟವಾಗಿರಲಿ. ಹಕ್ಕಳೆ ಸಿಕ್ಕಿದ್ದರಿಂದ ಚಿಕಿತ್ಸೆ ಆರಂಭವಾದದ್ದಲ್ಲ, ನೀವೇ ಬರೆದಂತೆ ಹಿಂದಿನ ರಾತ್ರಿಯೇ ಅದು ಆರಂಭವಾಗಿತ್ತು. ಅದೇ ಸರಿಯಾದ ಕ್ರಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿಯೂ ಸಂಶಯ ಬಂದರೆ ಪರೀಕ್ಷೆಯ ವರದಿಗೆ ಕಾಯದೆ ಔಷಧ ಕೊಡಿ ಎನ್ನುತ್ತದೆ, ಏಕೆಂದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಮೊದಲ ಕೆಲವು ದಿನ ನೆಗೆಟಿವ್ ಬರಬಹುದು, ಹಳೆಯ ವೀಲ್–ಫೆಲಿಕ್ಸ್ ಪರೀಕ್ಷೆಯಂತೂ ಅನೇಕರಲ್ಲಿ ರೋಗವನ್ನು ಹಿಡಿಯುವುದೇ ಇಲ್ಲ. ಹಕ್ಕಳೆ ಕಂಡದ್ದರಿಂದ ಆದ ಲಾಭವೆಂದರೆ ಬೇರೆ ಬೇರೆ ರೋಗಗಳ ಹಿಂದೆ ಓಡುವುದು ನಿಂತಿತು. ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅದು ಕಾಣಲಿಲ್ಲವೆಂದ ಮಾತ್ರಕ್ಕೆ ಈ ರೋಗ ಅಲ್ಲ ಎಂದು ಹೇಳುವಂತಿಲ್ಲ.

---

ಬಲ್ಮಠ ಓದುಗ

ಡಾಕ್ಟರೇ, ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಲ್ಲು ಹಳದಿಯಾಗುತ್ತದೆ ಎಂದು ನಾವು ಕೇಳಿದ್ದೇವೆ. ಔಷಧದ ಅಂಗಡಿಯವರೂ ಹೀಗೆಯೇ ಹೇಳುತ್ತಾರೆ. ಏಳು ವರ್ಷದ ಮಗುವಿಗೆ ಕೊಟ್ಟದ್ದು ಸರಿಯೇ?

---

ಕುಂದಾಪುರದ ಮಕ್ಕಳ ವೈದ್ಯೆ

ಸರಿ. ಹಲ್ಲಿನ ಭಯ ಹಳೆಯ ಟೆಟ್ರಾಸೈಕ್ಲಿನ್‌ನಿಂದ ಬಂದದ್ದು. ಅದು ಬೆಳೆಯುವ ಹಲ್ಲಿನ ಕ್ಯಾಲ್ಸಿಯಂಗೆ ಬಲವಾಗಿ ಅಂಟಿಕೊಳ್ಳುತ್ತಿತ್ತು. ಡಾಕ್ಸಿಸೈಕ್ಲಿನ್ ಅಷ್ಟು ಅಂಟಿಕೊಳ್ಳುವುದಿಲ್ಲ. ಅಲ್ಪಾವಧಿಗೆ, ಅಂದರೆ 21 ದಿನದವರೆಗೆ, ಯಾವ ವಯಸ್ಸಿನ ಮಗುವಿಗಾದರೂ ಕೊಡಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಒಪ್ಪಿದೆ. ಈ ಭಯದಿಂದ ಔಷಧ ತಡವಾದ ಮಕ್ಕಳನ್ನು ನಾನು ನೋಡಿದ್ದೇನೆ. ಇದನ್ನು ಓದಿ ಮನೆಯಲ್ಲೇ ಮಾತ್ರೆ ಕೊಡುವ ಸಾಹಸಕ್ಕೆ ಮಾತ್ರ ಯಾರೂ ಇಳಿಯಬೇಡಿ. ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬೇಕು, ಜ್ವರಕ್ಕೆ ಕಾರಣ ಬೇರೆಯೇ ಇರಬಹುದು.

---

ಕಾರ್ಕಳದ ಲೆಕ್ಕಿಗ

ಎಲ್ಲರೂ ಆರೈಕೆಯ ಮಾತಾಡುತ್ತಿದ್ದೀರಿ, ಹಣದ ಮಾತನ್ನು ಯಾರಾದರೂ ಆಡಲೇಬೇಕು. ಒಂಬತ್ತು ದಿನ ಐಸಿಯು ಎಂದರೆ ಸಾಮಾನ್ಯ ಕುಟುಂಬ ತೋಟ ಅಡವಿಡಬೇಕು. ಸೀತಾನದಿಯವರೇ, ಮುಜುಗರವಿಲ್ಲದಿದ್ದರೆ ಹೇಳಿ, ಹೇಗೆ ನಿಭಾಯಿಸಿದಿರಿ?

---

ಸೀತಾನದಿ

ಮುಜುಗರವೇನಿಲ್ಲ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂತಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರಕಾರ ಭರಿಸುತ್ತದೆ, ಅದಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ ಇದೆ. ಮೊದಲ ರಾತ್ರಿ ನನಗೆ ಇದಾವುದೂ ನೆನಪಿಗೆ ಬರಲಿಲ್ಲ. ಬೆಳಿಗ್ಗೆ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಭಟ್ಕಳದ ಅಜ್ಜ ಒಬ್ಬರು, "ರೇಶನ್ ಕಾರ್ಡ್, ಆಧಾರ್ ತರಿಸಿಕೊಳ್ಳಿ ಮಾರಾಯ್ರೆ, ಕೆಳಗೆ ಯೋಜನೆಯ ಸಹಾಯಕರು, ಆರೋಗ್ಯಮಿತ್ರ ಕೂತಿದ್ದಾರೆ" ಎಂದು ಎಬ್ಬಿಸಿ ಕಳಿಸಿದರು. ಆಸ್ಪತ್ರೆಯ ಬಿಲ್ಲಿನ ದೊಡ್ಡ ಪಾಲು ಹಾಗೆ ಕಳೆಯಿತು. ಆದರೂ ಊಟ, ಬಾಡಿಗೆ ಕೋಣೆ, ಓಡಾಟ, ಯೋಜನೆಗೆ ಸೇರದ ಕೆಲವು ಖರ್ಚು ಎಂದು ಸುಮಾರು 22 ಸಾವಿರ ಕೈಯಿಂದ ಹೋಯಿತು. ಮೂರು ವಾರ ಕೆಲಸಕ್ಕೆ ಹೋಗದೆ ಇದ್ದದ್ದು ಬೇರೆ. ಹಟ್ಟಿಯಲ್ಲಿದ್ದ ದನಗಳನ್ನು ಅಷ್ಟು ದಿನವೂ ನೋಡಿಕೊಂಡವರು ಪಕ್ಕದ ಮನೆಯವರು. ಅದಕ್ಕೆ ಯಾವ ಪ್ಯಾಕೇಜ್ ದರವನ್ನು ಹಾಕಬೇಕೋ ತಿಳಿಯದು.

---

ಕಾರ್ಕಳದ ಲೆಕ್ಕಿಗ

ವಿವರಕ್ಕೆ ಧನ್ಯವಾದ. ಮಂಗಳೂರಿನ ಕಡೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ: 1848ರಲ್ಲಿ ಆರಂಭವಾದ ವೆನ್ಲಾಕ್ ಸರಕಾರಿ ಆಸ್ಪತ್ರೆಯ ಆವರಣದಲ್ಲಿಯೇ ಮಕ್ಕಳಿಗಾಗಿ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿದೆ. ಸರಕಾರಿ ಆಸ್ಪತ್ರೆ ಎಂದ ಕೂಡಲೇ ಮೂಗು ಮುರಿಯುವವರಲ್ಲಿ ನಾನೂ ಒಬ್ಬನಾಗಿದ್ದೆ. ನನ್ನ ತಂಗಿಯ ಮಗು ಅಲ್ಲಿ ಗುಣವಾಗಿ ಬಂದ ಮೇಲೆ ಮುರಿಯುವುದನ್ನು ಬಿಟ್ಟೆ.

---

ಜಪ್ಪು ನಿವಾಸಿ

ಮನೆಗೆ ಬಂದ ಮೇಲಿನ ದಿನಗಳ ಬಗ್ಗೆಯೂ ಬರೆಯಿರಿ. ಬಿಡುಗಡೆಯಾದ ದಿನ ಎಲ್ಲ ಮುಗಿಯಿತು ಎಂದು ನೆಂಟರು ತಿಳಿಯುತ್ತಾರೆ. ನಮ್ಮ ಮಗ ಆಮೇಲೆ ಎರಡು ತಿಂಗಳು ರಾತ್ರಿ ಕಿರುಚಿ ಏಳುತ್ತಿದ್ದ. ಮತ್ತೆ, ಹಾಡಿಯನ್ನು ಕಡಿಸಿದಿರಾ? ಮಗುವನ್ನು ಈಗ ಹೊರಗೆ ಬಿಡುತ್ತೀರಾ?

---

ಸೀತಾನದಿ

ಕೊಳವೆ ತೆಗೆದ ದಿನ ಅವಳಿಗೆ ಸ್ವರವೇ ಇರಲಿಲ್ಲ, ಗಾಳಿಯಂತೆ ಪಿಸುಗುಟ್ಟುತ್ತಿದ್ದಳು. ಮೊದಲು ಕೇಳಿದ್ದು ಕುಚ್ಚಲಕ್ಕಿ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ. ಗಂಜಿಯ ತಿಳಿಯನ್ನು ಚಮಚದಲ್ಲಿ ಕೊಟ್ಟೆವು; ಉಪ್ಪಿನಕಾಯಿಗೆ ವೈದ್ಯರು ಒಪ್ಪಲಿಲ್ಲ, ಅದಕ್ಕೆ ಅವರ ಮೇಲೆ ಎರಡು ದಿನ ಸಿಟ್ಟು ಮಾಡಿಕೊಂಡಿದ್ದಳು. ಕಾಲುಗಳು ಕಡ್ಡಿಯಂತಾಗಿದ್ದವು. ಫಿಸಿಯೋಥೆರಪಿಯವರು ಹಾಸಿಗೆಯ ಅಂಚಿನಲ್ಲಿ ಕೂರಿಸಿದಾಗ ತಲೆ ನಿಲ್ಲುತ್ತಿರಲಿಲ್ಲ. ನಾಲ್ಕನೆಯ ದಿನ ಗೋಡೆ ಹಿಡಿದು ಕಿಟಕಿಯವರೆಗೆ ನಡೆದಳು. ಮನೆಗೆ ಬಂದ ಮೇಲೂ ಮೆಟ್ಟಿಲು ಹತ್ತಲು ತಿಂಗಳು ಹಿಡಿಯಿತು. ನಮ್ಮವಳೂ ರಾತ್ರಿ ಏಳುತ್ತಿದ್ದಳು, "ಬೀಪ್ ಬೀಪ್ ನಿಲ್ಲಿಸಿ" ಎನ್ನುತ್ತಿದ್ದಳು. ಶಾಲೆಯ ಟೀಚರ್ ಮೊದಲ ಎರಡು ವಾರ ಅರ್ಧ ದಿನ ಮಾತ್ರ ಕಳಿಸಿ ಎಂದರು, ಅದು ದೊಡ್ಡ ಉಪಕಾರವಾಯಿತು.

ಬಿಡುಗಡೆಯ ದಿನ ಅದೇ ಸಿಸ್ಟರ್ ಬಂದು ಎರಡು ಜಡೆ ಹೆಣೆದರು. ಬಿಡಿಸಲಾಗದೆ ಹೋಗಿದ್ದ ಒಂದು ಹಿಡಿ ಗಂಟುಕೂದಲನ್ನು ಐಸಿಯುವಿನಲ್ಲಿ ಕತ್ತರಿಸಬೇಕಾಗಿತ್ತು, ಅದನ್ನೂ ನನ್ನ ಹೆಂಡತಿಯನ್ನು ಒಳಗೆ ಕರೆದು ಕೇಳಿಯೇ ಕತ್ತರಿಸಿದ್ದರು. ಆದ್ದರಿಂದ ಬಲಗಡೆಯ ಜಡೆ ಸ್ವಲ್ಪ ತೆಳ್ಳಗಿತ್ತು.

ಹಾಡಿಯನ್ನು ಕಡಿಸಲಿಲ್ಲ. ಮನೆಯ ಸುತ್ತ ಮತ್ತು ದಾರಿಯ ಎರಡೂ ಬದಿಯ ಹುಲ್ಲನ್ನು ಮಾತ್ರ ಸವರುತ್ತೇವೆ, ಬಟ್ಟೆಯನ್ನು ಹುಲ್ಲಿನ ಮೇಲೆ ಒಣಹಾಕುವುದನ್ನು ಅಮ್ಮ ಬಿಟ್ಟಿದ್ದಾರೆ. ಈ ಜ್ವರ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರಿಂದ ಅಕ್ಕನ ಮಕ್ಕಳೂ ಈ ರಜೆಗೆ ಬಂದಿದ್ದರು. ಹಾಡಿಗೆ ಹೋಗುವಾಗ ಉದ್ದ ತೋಳಿನ ಅಂಗಿ, ಉದ್ದದ ಪ್ಯಾಂಟು, ಬೂಟು. ಬಂದ ಕೂಡಲೇ ಆ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಮೈ ಉಜ್ಜಿ ಸ್ನಾನ ಮಾಡಿಸುವ ಕೆಲಸ ಈಗ ಅಮ್ಮನದ್ದು.

ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಉಳಿದಿದೆ. ಸ್ನಾನವಾದ ಮೇಲೆ ಅವಳೇ ಬಂದು ಕಿವಿ ಮಡಚಿ ತೋರಿಸುತ್ತಾಳೆ. ನೋಡಿ ಆಯಿತು ಎಂದರೆ ಸಾಲದು. ನಾನೂ ಬಗ್ಗಿ ನನ್ನ ಎರಡೂ ಕಿವಿಗಳನ್ನು ತೋರಿಸಬೇಕು, ಅವಳು ಮೊಬೈಲಿನ ಟಾರ್ಚ್ ಹಾಕಿ ನೋಡಿ, ಇಲ್ಲ ಎಂದು ಹೇಳಿದ ಮೇಲೆಯೇ ಊಟಕ್ಕೆ ಏಳುವುದು.